ಮಗಳಿಗೊಂದು ಪತ್ರ: ಪುಟ್ಟಿ ನನ್ನ ಹತ್ತಿರ ಇರಲಿ

ಕಂದಾ,

ನಿನ್ನೆ ರಾತ್ರಿಯ ಜಗಳದ ಮಾತು ಈಗ ಬೇಡ. ನೀನು ಓದೋಕೆ ಅಮೆರಿಕಕ್ಕೆ ಹೋಗು. ನಿನ್ನ ಮಗಳು ಪುಟ್ಟಿಯನ್ನು ನಾನು ನೋಡಿಕೊಳ್ಳುತ್ತೇನೆ.

ನೀನು ಸೇರುವ ನ್ಯೂಯಾರ್ಕಿನ ಟೀಚರ್ಸ್ ಕಾಲೇಜಿನಲ್ಲೇ ಶರ್ಲಿ ಚಿಸಮ್ ಕೂಡ ಓದಿದ್ದು, ಅದೂ ಪುಟ್ಟ ಮಕ್ಕಳ ಶಿಕ್ಷಣವನ್ನೇ. 1968ರಲ್ಲಿ ಅಮೆರಿಕದ ಸಂಸತ್ತಿಗೆ ಗೆದ್ದ ಮೊದಲ ಕಪ್ಪು ಹೆಂಗಸು ಅಂತ ಅವಳ ಹೆಸರು. ನನ್ನ ತಲೆಯಲ್ಲಿ ಕೂತಿರುವುದು ಮಾತ್ರ ಅವಳ ಅಮ್ಮ ರೂಬಿ. ಬ್ರೂಕ್ಲಿನ್‌ನಲ್ಲಿ ಹೊಲಿಗೆ, ಮನೆಗೆಲಸ ಮಾಡಿಕೊಂಡಿದ್ದಳು, ಗಂಡನಿಗೆ ಫ್ಯಾಕ್ಟರಿ ಕೆಲಸ. ದುಡಿಯುವುದು, ಮಕ್ಕಳನ್ನು ಸಾಕುವುದು ಎರಡೂ ಆಗದೆ ಮೂರು ಹೆಣ್ಣುಮಕ್ಕಳನ್ನು ಬಾರ್ಬಡೋಸ್ ದ್ವೀಪದಲ್ಲಿದ್ದ ತನ್ನ ಅಮ್ಮನ ಹತ್ತಿರ ಬಿಟ್ಟಳು. ಅವರು ವಾಪಸ್ ಬಂದಾಗ 1934, ಶರ್ಲಿಗೆ ಒಂಬತ್ತು ವರ್ಷ. ಎಷ್ಟೋ ವರ್ಷ ಅಮ್ಮನಿಂದ ದೂರ! ಆ ಮಗು ರಾತ್ರಿ ಬೆಚ್ಚಿ ಎದ್ದಾಗ ಯಾರನ್ನು ಕರೆಯುತ್ತಿತ್ತು, ಅಮ್ಮನನ್ನಾ ಅಜ್ಜಿಯನ್ನಾ? ತಿರುಗಿ ಬಂದ ಮೇಲೆ ಅಮ್ಮನ ಮಡಿಲಿಗೆ ತಾನಾಗಿ ಹೋಯಿತಾ, ಸಂಕೋಚಪಟ್ಟಿತಾ? ಅಡುಗೆ ಮಾಡುವಾಗಲೂ ಇದೇ ಯೋಚನೆ. ಪುಟ್ಟಿ ನನ್ನನ್ನೇ ಅಮ್ಮ ಅಂದುಬಿಟ್ಟರೆ ನಾನೇನು ಮಾಡಲಿ, ನೀನು ಹೇಗೆ ತಡೆದುಕೊಳ್ಳುತ್ತೀಯ?

ಆದರೂ ಮುಂದಿನದನ್ನು ಕೇಳು. ತನ್ನ ಮಾತು, ಬರವಣಿಗೆ ಚೆನ್ನಾಗಿ ಬಂದದ್ದು ಬಾರ್ಬಡೋಸಿನ ಕಟ್ಟುನಿಟ್ಟಿನ ಶಾಲೆಯಿಂದ ಅಂತ ಶರ್ಲಿಯೇ ಹೇಳಿಕೊಂಡಿದ್ದಾಳೆ. ಆಮೇಲೆ ಶಿಶುವಿಹಾರದ ಟೀಚರ್ ಆದಳು, ಮಕ್ಕಳ ಕೇಂದ್ರ ನಡೆಸಿದಳು. 1964ರಲ್ಲಿ ನ್ಯೂಯಾರ್ಕ್ ರಾಜ್ಯದ ಅಸೆಂಬ್ಲಿಗೆ ಗೆದ್ದಳು. ಅಲ್ಲಿ ಏನು ಮಾಡಿದಳು ಗೊತ್ತಾ? ಮನೆಗೆಲಸದವರಿಗೆ ಕೆಲಸ ಹೋದರೆ ನಿರುದ್ಯೋಗ ಭತ್ಯೆ ಸಿಗುವ ಹಾಗೆ ಮಾಡಿದಳು. ಬಸುರಿಯಾಗಿ ಕೆಲಸ ಬಿಟ್ಟಿದ್ದ ಟೀಚರ್‌ಗಳ ಸರ್ವಿಸ್ ಹಕ್ಕು ಉಳಿಸಿದಳು. ಬಡ ಮಕ್ಕಳು ಕಾಲೇಜು ಸೇರಲು ಸೀಕ್ ಅನ್ನೋ ಯೋಜನೆ ತಂದಳು. ಮನೆಗೆಲಸದವರ ಕಾನೂನು ಓದಿದಾಗ ನನಗೆ ಅಳು ಬಂತು. ಬಿಟ್ಟು ಹೋದ ಅಮ್ಮನ ಮೇಲೆ ಸಿಟ್ಟಿದ್ದವಳು ಆ ಅಮ್ಮನಂಥವರಿಗಾಗಿ ಹೀಗೆ ಹೊಡೆದಾಡುತ್ತಾಳಾ ಹೇಳು.

ನಿನ್ನ ಮೇಲೆ ನನಗೆ ಹೆಮ್ಮೆ ಜಾಸ್ತಿ, ಭಯವೂ ಅಷ್ಟೇ. ಅಲ್ಲಿ ಚಳಿಗೆ ಸರಿಯಾಗಿ ಹೊದ್ದುಕೋ. ಊಟ ಬಿಡಬೇಡ. ದುಡ್ಡು ಉಳಿಸುತ್ತೇನೆ ಅಂತ ರಾತ್ರಿ ಹೊತ್ತು ಒಬ್ಬಳೇ ನಡೆದು ಬರಬೇಡ. ಓದೋಕೆ ಹೋದವಳು ಓದು, ಪುಟ್ಟಿ ನೆನಪಾಯಿತು ಅಂತ ಅರ್ಧಕ್ಕೇ ಬಿಟ್ಟು ಬರಬೇಡ. ಬುದ್ಧಿವಾದ ಸಾಕು ಅಂತೀಯ, ಗೊತ್ತು. ದಿನಾ ಫೋನ್ ಮಾಡು. ಪುಟ್ಟಿ ಮಾತಾಡದೆ ಓಡಿಹೋದರೂ ಮಾಡು. ಆಟ ಆಡಿಕೊಂಡೇ ನಿನ್ನ ದನಿ ಕೇಳಿಸಿಕೊಳ್ಳುತ್ತಾಳೆ.

ನಿನ್ನ
ಅಮ್ಮ