ಮಳೆಗಾಲದ ಕೆಮ್ಮಿಗೆ ಮನೆಯ ಗೋಡೆಯನ್ನೂ ನೋಡಿ

ಮಾನ್ಯ ಸಂಪಾದಕರೇ,

ಕಕ್ಕಡ ಮಾಸದಲ್ಲಿ (ಜುಲೈ–ಆಗಸ್ಟ್) ಕೊಡಗಿನ ಮನೆಗಳಿಗೆ ಬೂಷ್ಟು ಹಿಡಿಯುವುದು ಸುದ್ದಿಯೇ ಅಲ್ಲ. ಚಪ್ಪಲಿ, ಬೆಲ್ಟು, ಬೀರುವಿನಲ್ಲಿಟ್ಟ ರೇಷ್ಮೆ ಸೀರೆ, ಮಂಚದ ಹಿಂದಿನ ಗೋಡೆ ಯಾವುದನ್ನೂ ಅದು ಬಿಡುವುದಿಲ್ಲ. ಒರೆಸುತ್ತೇವೆ, ಮರೆಯುತ್ತೇವೆ. ಆದರೆ ಅದೇ ಮನೆಯಲ್ಲಿ ಯಾರಿಗೋ ಜೂನ್‌ನಲ್ಲಿ ಶುರುವಾದ ಕೆಮ್ಮು ನವೆಂಬರ್–ಡಿಸೆಂಬರಿನ ಹುತ್ತರಿ ಹಬ್ಬ ಬಂದರೂ ಹೋಗಿರುವುದಿಲ್ಲ. ಮೂಗು ಕಟ್ಟಿರುತ್ತದೆ, ತಲೆ ಭಾರ, ಮೈಕೈ ನೋವು, ಎಂಟು ಗಂಟೆ ಮಲಗಿ ಎದ್ದರೂ ಸುಸ್ತು. 'ಥಂಡಿ' ಎಂದುಬಿಟ್ಟರೆ ವಿಚಾರಣೆ ಮುಗಿಯಿತು. ಈಚೆಗೆ ಇದಕ್ಕೆ ತದ್ವಿರುದ್ಧದ ಇನ್ನೊಂದು ಗೀಳೂ ಹಬ್ಬಿದೆ. ಮೊಬೈಲಿನಲ್ಲಿ ವಿಡಿಯೊ ನೋಡಿ, ಗೋಡೆಯ ಬೂಷ್ಟಿನಿಂದ ಮೈತುಂಬ ವಿಷ ಸೇರಿದೆ ಎಂದು ನಂಬಿ, ಮೂತ್ರದಲ್ಲಿ ಬೂಷ್ಟಿನ ವಿಷ ಹುಡುಕುವ ಪರೀಕ್ಷೆಗೂ 'ಡಿಟಾಕ್ಸ್' ಪುಡಿಗೂ ಹಣ ಸುರಿಯುವವರಿದ್ದಾರೆ. ಆ ಮೂತ್ರ ಪರೀಕ್ಷೆ ರೋಗನಿರ್ಣಯಕ್ಕೆ ಮಾನ್ಯವಾದುದಲ್ಲ. ಆರೋಗ್ಯವಂತರ ಮೂತ್ರದಲ್ಲೂ ಊಟದ ಕಾಳುಕಡ್ಡಿಯಿಂದ ಬಂದ ಅಂಶ ಸಿಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಒದ್ದೆ ಮನೆ ಮತ್ತು ಬೂಷ್ಟಿನ ಬಗ್ಗೆಯೇ ಮಾರ್ಗಸೂಚಿ ಪ್ರಕಟಿಸಿತು. ಅಂಥ ಮನೆಗಳಲ್ಲಿ ಕೆಮ್ಮು, ಉಬ್ಬಸ, ಅಸ್ತಮಾ, ಉಸಿರಾಟದ ಸೋಂಕು ಹೆಚ್ಚು ಎಂಬುದಕ್ಕೆ ಅದರಲ್ಲಿ ಸಾಕಷ್ಟು ಆಧಾರವಿದೆ. ಗಾಳಿಯಲ್ಲಿ ಇಷ್ಟು ಬೀಜಕಣದವರೆಗೆ ಅಪಾಯವಿಲ್ಲ ಎಂಬ ಅಂಕಿಯನ್ನು ಮಾತ್ರ ಅದು ಕೊಡಲಿಲ್ಲ. ಹಾಗಾಗಿ ಗಾಳಿಯ ಸ್ಯಾಂಪಲ್ ಪರೀಕ್ಷೆಗೆ ದುಡ್ಡು ಹಾಕುವ ಅಗತ್ಯವಿಲ್ಲ. ಬೂಷ್ಟು ಕಣ್ಣಿಗೆ ಕಂಡರೆ, ಮುಗ್ಗಲು ವಾಸನೆ ಬಂದರೆ ಅಷ್ಟೇ ಸಾಕು, ನೀರಿನ ಮೂಲ ಹುಡುಕಬೇಕು. ತೀರದ ದಣಿವು, ಮರೆವು, ಮೈನೋವಿಗೂ ಬೂಷ್ಟೇ ಕಾರಣ ಎನ್ನಲು ಅಷ್ಟು ಗಟ್ಟಿಯಾದ ಆಧಾರ ಇನ್ನೂ ಸಿಕ್ಕಿಲ್ಲ. ಹಾಗೆಂದು ಆ ದಣಿವನ್ನು ಸುಳ್ಳೆನ್ನುವ ಹಕ್ಕು ಯಾರಿಗೂ ಇಲ್ಲ. 2021ರಲ್ಲಿ ಕೋವಿಡ್ ರೋಗಿಗಳನ್ನು ಕಾಡಿದ 'ಕಪ್ಪು ಶಿಲೀಂಧ್ರ' ಕಾಯಿಲೆಗೂ ಗೋಡೆಯ ಕಪ್ಪು ಬೂಷ್ಟಿಗೂ ಗಂಟು ಹಾಕಬೇಡಿ. ಬಣ್ಣ ನೋಡಿ ಜಾತಿ ಹೇಳಲಾಗದು.

ತಪ್ಪಿಸಿಕೊಳ್ಳಬಾರದ ಕಾಯಿಲೆ ಎರಡು. ಮೊದಲನೆಯದು ಎಬಿಪಿಎ, ಅಂದರೆ ಅಸ್ತಮಾ ಇದ್ದವರಿಗೆ ಆಸ್ಪರ್ಜಿಲಸ್ ಎಂಬ ಶಿಲೀಂಧ್ರದಿಂದ ಆಗುವ ಅಲರ್ಜಿ. ಔಷಧ ಎಳೆದುಕೊಂಡರೂ ಅಸ್ತಮಾ ಹತೋಟಿಗೆ ಬರುವುದಿಲ್ಲ, ಕಂದು ಬಣ್ಣದ ಗಟ್ಟಿ ಕಫದ ತುಂಡು ಬೀಳುತ್ತದೆ, ಎಕ್ಸ್‌ರೇಯಲ್ಲಿ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ನೆರಳು ಕಾಣುತ್ತದೆ. ರಕ್ತದಲ್ಲಿ ಆಸ್ಪರ್ಜಿಲಸ್‌ಗೆ ನಿರ್ದಿಷ್ಟವಾದ ಐಜಿಇ (ಅಲರ್ಜಿಯ ಪ್ರತಿಕಾಯ) ಪಾಸಿಟಿವ್ ಬಂದು, ಒಟ್ಟು ಐಜಿಇ 500 ದಾಟಿದರೆ ಮುಂದಿನ ತನಿಖೆ ಆಗಲೇಬೇಕು. ಎರಡನೆಯದು ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್, ಅಂದರೆ ಬೂಷ್ಟು, ಧೂಳಿನಂಥದ್ದನ್ನು ಉಸಿರಾಡಿ ಶ್ವಾಸಕೋಶಕ್ಕೆ ಬರುವ ಅಲರ್ಜಿಯ ಉರಿಯೂತ. ಇದರಲ್ಲಿ ಒಣ ಕೆಮ್ಮು, ಏರು ಹತ್ತಿದರೆ ಏದುಸಿರು, ತೂಕ ಇಳಿಯುವುದು. ಕೆಲವರಿಗೆ ಧೂಳು ಕುಡಿದ ನಾಲ್ಕರಿಂದ ಎಂಟು ಗಂಟೆಯಲ್ಲಿ ಚಳಿಜ್ವರ. ಬಿಟ್ಟರೆ ಶ್ವಾಸಕೋಶ ಗಟ್ಟಿಯಾಗಿ ಮತ್ತೆ ಮೊದಲಿನಂತಾಗುವುದಿಲ್ಲ. 2017ರಲ್ಲಿ ಪ್ರಕಟವಾದ ಭಾರತದ ಐಎಲ್‌ಡಿ (ಶ್ವಾಸಕೋಶದ ಅಂಗಾಂಶ ಕೆಡಿಸುವ ಕಾಯಿಲೆಗಳ) ರಿಜಿಸ್ಟ್ರಿಯ 1,084 ರೋಗಿಗಳ ಪೈಕಿ ಶೇ 47ರಷ್ಟು ಮಂದಿಗೆ ಇದ್ದದ್ದು ಇದೇ ಕಾಯಿಲೆ. ಅವರಲ್ಲಿ ಅರ್ಧದಷ್ಟು ಮಂದಿ ಏರ್ ಕೂಲರ್ ಗಾಳಿಯಲ್ಲಿ ಇದ್ದವರು. ನಮ್ಮಲ್ಲಿ ಕೂಲರ್ ಯಾರಿಗೆ ಬೇಕು, ಒದ್ದೆ ಗೋಡೆ ಪುಕ್ಕಟೆ ಸಿಗುತ್ತದೆ. ಮುಗ್ಗಿದ ಭತ್ತದ ಹುಲ್ಲು ಕೊಡವುವುದು, ಪಾರಿವಾಳ ಸಾಕುವುದು, ಬೂಷ್ಟು ಹಿಡಿದ ಕಾಫಿ ಚೀಲ ಸುರಿಯುವುದು ಕೂಡ ಇದಕ್ಕೆ ದಾರಿ. ಈ ಎರಡೂ ಕಾಯಿಲೆಯನ್ನು ಟಿಬಿ ಎಂದು ತಿಳಿದು ತಿಂಗಳುಗಟ್ಟಲೆ ಮಾತ್ರೆ ಕೊಡುವುದುಂಟು. ಸರ್ಕಾರಿ ಆಸ್ಪತ್ರೆಯಲ್ಲಿ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಕಫ ಪರೀಕ್ಷೆ ಉಚಿತ. ಮೊದಲು ಅದನ್ನು ಮಾಡಿಸಿಯೇ ಟಿಬಿ ಹೌದೋ ಅಲ್ಲವೋ ಹೇಳಿಸಿಕೊಳ್ಳಿ. ಎಕ್ಸ್‌ರೇ ಸರಿಯಾಗಿದೆ ಎಂಬ ಸಮಾಧಾನವೂ ಸಾಲದು. ಆರು ನಿಮಿಷ ನಡೆದ ಮೇಲೆ ಆಕ್ಸಿಮೀಟರ್ ಅಂಕಿ ನಾಲ್ಕು ಅಥವಾ ಹೆಚ್ಚು ಇಳಿದರೆ ಶ್ವಾಸಕೋಶ ತಜ್ಞರನ್ನು ಕಂಡು, ಸ್ಪೈರೋಮೆಟ್ರಿ (ಊದಿಸಿ ಉಸಿರು ಅಳೆಯುವ ಪರೀಕ್ಷೆ) ಮತ್ತು ಎಚ್‌ಆರ್‌ಸಿಟಿ (ಶ್ವಾಸಕೋಶದ ಸೂಕ್ಷ್ಮ ಸ್ಕ್ಯಾನ್) ಬೇಕೇ ಎಂದು ಕೇಳಿ.

ಬರೀ ಸುಸ್ತು ಎನ್ನುವವರು ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ನೋಡಿಸಿ. ಗೊರಕೆ ಇದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಇನ್ನೊಂದು ಶತ್ರು ಮಳೆಗಾಲದಲ್ಲಿ ಬೂಷ್ಟಿನ ವೇಷದಲ್ಲೇ ಬರುತ್ತದೆ. ಕಿಟಕಿ ಮುಚ್ಚಿ ಕೋಣೆಯಲ್ಲಿ ಕೆಂಡ ಇಟ್ಟುಕೊಳ್ಳುವುದು, ಗಾಳಿಯಾಡದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿಸುವುದು ಕಾರ್ಬನ್ ಮಾನಾಕ್ಸೈಡ್ ಕೊಡುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ. ಹೊರಗೆ ಹೋದರೆ ಹಗುರ. ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೆ ಹೀಗಾದರೆ ಬೂಷ್ಟನ್ನು ಆಮೇಲೆ ನೋಡೋಣ. ಕೆಂಡ, ಗೀಸರ್ ಅಂದೇ ನಿಲ್ಲಬೇಕು.

'ಮನೆ ಬಿಟ್ಟರೆ ವಾಸಿ' ಎಂಬುದನ್ನು ಬಾಯಿಮಾತಲ್ಲಿ ಬಿಡದೆ ಅಳೆಯಬಹುದು. ಕೆಲವು ನೂರು ರೂಪಾಯಿಗೆ ಉಸಿರು ಊದುವ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಸಿಗುತ್ತದೆ. ಬೆಳಿಗ್ಗೆ ಎದ್ದಾಗ, ರಾತ್ರಿ ಮಲಗುವಾಗ ಮೂರು ಸಲ ಊದಿ ಹೆಚ್ಚಿನದನ್ನು ಬರೆದಿಡಿ. ಎರಡು ವಾರ ಮನೆಯಲ್ಲಿ, ಆಮೇಲೆ ಎರಡು ವಾರ ಕುಶಾಲನಗರ ಕಡೆಯೋ ಮೈಸೂರು ಕಡೆಯೋ ನೆಂಟರ ಒಣ ಮನೆಯಲ್ಲಿ. ಔಷಧ ಬದಲಿಸಬೇಡಿ, ಮನೆಯ ಕಂಬಳಿ, ದಿಂಬು ಕಟ್ಟಿಕೊಂಡು ಹೋಗಬೇಡಿ. ಬೂಷ್ಟು ಜೊತೆಗೇ ಬಂದರೆ ಲೆಕ್ಕ ಕೆಟ್ಟಿತು. ಅಂಕಿ ಶೇ 20ರಷ್ಟು ಏರಿದರೆ ಆ ಹಾಳೆಯನ್ನು ವೈದ್ಯರ ಮುಂದಿಡಿ. ಆದರೂ ಅದು ತೀರ್ಪಲ್ಲ, ಸುಳಿವು ಮಾತ್ರ. ಮನೆ ಬಿಟ್ಟಾಗ ಒಲೆಯ ಹೊಗೆ, ಹಟ್ಟಿ, ನಾಯಿ, ತೋಟದ ಕೆಲಸ ಎಲ್ಲವೂ ಬಿಟ್ಟಿರುತ್ತವಲ್ಲ. ಮೆಡಿಕಲ್ ಶಾಪಿನಿಂದ ನೇರ ತಂದು ನುಂಗುವ ಸ್ಟೆರಾಯ್ಡ್ ಮಾತ್ರೆಯಂತೂ ಈ ಸುಳಿವನ್ನೂ ಅಳಿಸಿಹಾಕುತ್ತದೆ.

ಇನ್ನು ಮನೆ. ಗೋಡೆಯಲ್ಲಿ ಬಿಳಿ ಪುಡಿ ಕಂಡರೆ ನೀರು ಚಿಮುಕಿಸಿ. ಕರಗಿದರೆ ಅದು ಉಪ್ಪು, ಕರಗದೆ ಲೋಳೆಯಂತೆ ಹರಡಿದರೆ ಬೂಷ್ಟು. ಉಪ್ಪೂ ನೀರು ಬರುತ್ತಿರುವುದರ ಗುರುತೇ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು, ಗೋಡೆಯ ಮೇಲ್ಮೈ ಒರೆಸಿ ಒಣಗಿಸಿ, ನಾಲ್ಕೂ ಅಂಚಿಗೆ ಬಿಡುವಿಲ್ಲದಂತೆ ಟೇಪ್ ಹಾಕಿ ಒಂದು ದಿನ ಬಿಡಿ. ಹಾಳೆಯ ಗೋಡೆ ಕಡೆ ನೀರು ಕಂಡರೆ ಗೋಡೆಯೊಳಗಿಂದ ಬಂದದ್ದು, ಕೋಣೆ ಕಡೆ ಕಂಡರೆ ನಿಮ್ಮ ಮನೆಯ ಗಾಳಿಯೇ ನೀರಾಗಿ ಕೂತದ್ದು. ಈ ಎರಡಕ್ಕೆ ಮದ್ದು ಬೇರೆ ಬೇರೆ. ಒಳಗಿಂದ ಜಿನುಗುವ ಗೋಡೆಗೆ ಬಣ್ಣದ ಮೇಲೆ ಬಣ್ಣ ಬಳಿಸಿ ಮೂರು ವರ್ಷಕ್ಕೊಮ್ಮೆ ದುಡ್ಡು ಕಳೆಯುವವರೇ ಹೆಚ್ಚು.

ನಮ್ಮಲ್ಲಿ ಒಳಗಿಂದ ಬರುವ ನೀರಿಗೆ ದೊಡ್ಡ ಕಾರಣ ಬರೆ, ಅಂದರೆ ಗುಡ್ಡ ಕಡಿದಾಗ ಹಿಂದೆ ಉಳಿಯುವ ಕಡಿದಾದ ಮಣ್ಣು. ಇಳಿಜಾರು ಕಡಿದು ಕಟ್ಟಿದ ಮನೆಯ ಹಿಂಗೋಡೆಗೆ ಬರೆಯ ಮಣ್ಣು ತಾಗಿಕೊಂಡಿದ್ದರೆ ಜುಲೈಯ ಒರತೆ ನೇರ ಗೋಡೆಗೆ ಇಳಿಯುತ್ತದೆ. ಗೋಡೆಗೂ ಬರೆಗೂ ನಡುವೆ ಕನಿಷ್ಠ ಮೂರು ಅಡಿ ಬಿಟ್ಟು, ಮನೆಯ ನೆಲಕ್ಕಿಂತ ತಗ್ಗಾಗಿ ಚರಂಡಿ ತೆಗೆದು ಎರಡೂ ಬದಿಗೆ ಹರಿಯಗೊಡಬೇಕು. ಆದರೆ ಮಳೆಗಾಲದಲ್ಲಿ ಬರೆಯ ಬುಡಕ್ಕೆ ಗುದ್ದಲಿ ಹಾಕಬೇಡಿ. 2018ರ ಆಗಸ್ಟ್‌ನ ಭೂಕುಸಿತ ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಜನವರಿಯಿಂದ ಏಪ್ರಿಲ್ ಈ ಕೆಲಸದ ಕಾಲ. ಇನ್ನೊಂದು ಕಾರಣ ಅಂಗಳದ ಇಂಟರ್‌ಲಾಕ್. ಹಳೆಯ ನೆಲದ ಮೇಲೇ ಮರಳು ಹರಡಿ ಇಟ್ಟಿಗೆ ಜೋಡಿಸಿದರೆ ಅಂಗಳ ನಾಲ್ಕೈದು ಇಂಚು ಏರಿ, ಪಂಚಾಂಗದ ಮೇಲೆ ನೀರು ತಡೆಯಲು ಹಾಕಿದ ಪದರವನ್ನೇ ದಾಟುತ್ತದೆ. ಆಗ ಗೋಡೆಯ ಬುಡದಿಂದ ಮೂರಡಿಯವರೆಗೆ ಒದ್ದೆಯ ಗೆರೆ ಏಳುತ್ತದೆ. ಅಂಗಳ ಮನೆಯ ನೆಲಕ್ಕಿಂತ ಆರು ಇಂಚಾದರೂ ಕೆಳಗಿರಲಿ. ನೈಋತ್ಯಕ್ಕೆ ಮುಖ ಮಾಡಿದ ಗೋಡೆಯಲ್ಲಿ ಕಿಟಕಿ ಚೌಕಟ್ಟಿನ ಸಂದು, ಸಜ್ಜದ ಕೆಳಗೆ ನೀರು ತೊಟ್ಟಿಕ್ಕಲು ಗೀರು ಇಲ್ಲದಿರುವುದು, ತಾರಸಿಯ ಕಟ್ಟೆಯ ಬಿರುಕು, ಈ ಮೂರನ್ನು ನೋಡಿದರೆ ಬಹುಪಾಲು ಮುಗಿಯಿತು. ಮೇ ತಿಂಗಳಲ್ಲಿ ಗೃಹಪ್ರವೇಶ ಮಾಡಿ ಜೂನ್‌ನಲ್ಲಿ ಕಿಟಕಿ ಮುಚ್ಚುವ ಹೊಸ ಮನೆಗೆ ಬೇರೆ ಕಾರಣವೇ ಬೇಡ, ಸಿಮೆಂಟು ಕುಡಿದ ನೀರೇ ಸಾಕು.

ಗಾಳಿಯಿಂದ ಬರುವ ತೇವ ನಾವೇ ಮಾಡಿದ್ದು. ಒಂದು ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಲೀಟರಿಗೂ ಹೆಚ್ಚು ನೀರು ಆವಿಯಾಗಿ ಮನೆಯೊಳಗೆ ಬಿಡುಗಡೆಯಾಗುತ್ತದೆ, 14.2 ಕಿಲೋ ಸಿಲಿಂಡರಿಗೆ ಲೆಕ್ಕ ಹಾಕಿಕೊಳ್ಳಿ. ಒಳಗೆ ಹರವಿದ ಒಂದು ಬಕೆಟ್ ಬಟ್ಟೆ ಎರಡು ಲೀಟರ್ ಹತ್ತಿರ ಕೊಡುತ್ತದೆ. ಹಿಂದಿನ ಹೆಂಚಿನ ಮನೆಯಲ್ಲಿ ಒಲೆ ಹೊತ್ತಿ ಉರಿಯುತ್ತಿತ್ತು, ಹೆಂಚಿನ ಸಂದಿನಿಂದ ಗಾಳಿ ಹೋಗುತ್ತಿತ್ತು. ಈಗ ತಾರಸಿ, ಅಲ್ಯೂಮಿನಿಯಂ ಕಿಟಕಿ, ವರಾಂಡಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಲಾಸ್ಟಿಕ್ ಪರದೆ. (ಹೊಗೆಯ ಕಾಲಕ್ಕೆ ಮರಳಬೇಕೆಂದಲ್ಲ. ಆ ಹೊಗೆ ಎಷ್ಟೋ ಅಜ್ಜಿಯರ ಶ್ವಾಸಕೋಶ ತಿಂದಿದೆ.) ಬಟ್ಟೆಯನ್ನು ಮಲಗುವ ಕೋಣೆಯಿಂದ ಹೊರಹಾಕಿ, ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಸ್ನಾನದ ನಂತರ 20 ನಿಮಿಷ ಓಡಿಸಿ, ಬೀರು ಮತ್ತು ಮಂಚವನ್ನು ಹೊರಗೋಡೆಯಿಂದ ನಾಲ್ಕು ಇಂಚು ಸರಿಸಿ.

ತೇವ ಅಳೆಯುವ ಹೈಗ್ರೋಮೀಟರ್ ಒಂದು ತನ್ನಿ. ಸರಿ ಇದೆಯೇ ನೋಡಲು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಾಗುವಷ್ಟು ನೀರು ಬೆರೆಸಿ, ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಇಡಿ, ಶೇ 75 ತೋರಿಸಬೇಕು. ಕೋಣೆಯ ಗಾಳಿ 60ರೊಳಗೆ ಇರುವುದು ಒಳ್ಳೆಯದು. ಗೋಡೆಗೆ ತಾಗಿದ ಗಾಳಿ 80 ಮೀರಿ ನಿಂತರೆ ಬೂಷ್ಟು ಗ್ಯಾರಂಟಿ. ಮಡಿಕೇರಿಯ ಜುಲೈಯಲ್ಲಿ ಕಿಟಕಿ ತೆರೆದರೆ ಒಳಗೆ ಬರುವುದೂ ಒದ್ದೆ ಗಾಳಿಯೇ. ಆದರೆ 20 ಡಿಗ್ರಿಯಲ್ಲಿ 95 ಇದ್ದ ಅದೇ ಗಾಳಿ 27 ಡಿಗ್ರಿಗೆ ಬೆಚ್ಚಗಾದರೆ 62ಕ್ಕೆ ಇಳಿಯುತ್ತದೆ. ಆದ್ದರಿಂದ ಅಡುಗೆ, ಸ್ನಾನದ ಆವಿ ಹೊರಹಾಕಲು ಸ್ವಲ್ಪ ಹೊತ್ತು ತೆರೆದು, ಮುಚ್ಚಿ, ವಿದ್ಯುತ್ ಹೀಟರ್‌ನಿಂದ ಬೆಚ್ಚಗಿಡುವುದು ಸರಿ. ಡೀಹ್ಯುಮಿಡಿಫೈಯರ್ ಕೊಳ್ಳುವವರು ಡಬ್ಬಿಯ ಮೇಲಿನ '20 ಲೀಟರ್' ನಂಬಬೇಡಿ. ಅದು 30 ಡಿಗ್ರಿ ಬಿಸಿಯಲ್ಲಿ ಅಳೆದ ಲೆಕ್ಕ. ನಮ್ಮ ತಂಪಿನಲ್ಲಿ ಬಹಳ ಕಡಿಮೆ, ಮೂರು ದಿನ ಕರೆಂಟ್ ಹೋದರೆ ಸೊನ್ನೆ. ಬೀರುವಿನೊಳಗೆ ಬಲ್ಬ್ ಉರಿಸುವ ಹಳೆಯ ಉಪಾಯ ಒಳ್ಳೆಯದೇ, ಆದರೆ ಎಲ್‌ಇಡಿಗೆ ಬೆಳಕಿದೆ, ಶಾಖವಿಲ್ಲ. ಹಳೆಯ ತಂತಿಯ ಬಲ್ಬೇ ಬೇಕು, ಬಟ್ಟೆಯಿಂದ ಅರ್ಧ ಅಡಿ ದೂರದಲ್ಲಿ, ಜಾಲರಿಯೊಳಗೆ.

ಬೂಷ್ಟು ತೆಗೆಯುವಾಗ ರೋಗಿ ಮನೆಯಲ್ಲಿರಬಾರದು. ಮೂರಡಿಗೆ ಮೂರಡಿ ಜಾಗಕ್ಕಿಂತ ಹೆಚ್ಚಿದ್ದರೆ ಕೆಲಸ ಬಲ್ಲವರನ್ನು ಕರೆಸಿ. ಎನ್95 ಮಾಸ್ಕ್, ಗ್ಲೌಸ್, ಕನ್ನಡಕ ಹಾಕಿ, ಫ್ಯಾನ್ ಆರಿಸಿ, ಮೊದಲು ಸ್ಪ್ರೇಯಿಂದ ಒದ್ದೆ ಮಾಡಿ. ಒಣ ಪೊರಕೆ ತಾಗಿತೋ, ಬೀಜಕಣ ಮನೆಯಿಡೀ ಹಾರಿತು. ಪಾತ್ರೆ ತೊಳೆಯುವ ಸೋಪಿನ ನೀರಿನಿಂದ ಒರೆಸಿ, ಬರೀ ನೀರಿನಿಂದ ಮತ್ತೊಮ್ಮೆ ಒರೆಸಿ, ಆಮೇಲೆ ಫ್ಯಾನ್ ಹಾಕಿ 48 ಗಂಟೆಯೊಳಗೆ ಒಣಗಿಸಿ. ಬಟ್ಟೆ ಚೂರುಗಳನ್ನು ಚೀಲಕ್ಕೆ ಹಾಕಿ ಕಟ್ಟಿ. ಬ್ಲೀಚಿಂಗ್ ಟೈಲ್ಸ್‌ಗೆ ಸರಿ. ಗಾರೆಗೆ ಹಚ್ಚಿದರೆ ಬಣ್ಣ ಹೋಗುತ್ತದೆ, ಬೇರು ಉಳಿಯುತ್ತದೆ. ಸತ್ತ ಬೂಷ್ಟೂ ಅಲರ್ಜಿ ಕೊಡುವುದರಿಂದ ಕೊಲ್ಲುವುದಕ್ಕಿಂತ ತೆಗೆಯುವುದು ಮುಖ್ಯ. ಬ್ಲೀಚಿಂಗನ್ನು ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಜೊತೆ ಎಂದೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಮುಗ್ಗಿದ ಹತ್ತಿ ಹಾಸಿಗೆ, ಪ್ಲೈವುಡ್, ಜಿಪ್ಸಂ ಸೀಲಿಂಗ್ ಉಳಿಸುವ ಆಸೆ ಬೇಡ. ಗೋಡೆ ಒಣಗಿದ ಮೇಲೆ ಹಳೆಯ ಎಮಲ್ಷನ್ ಪೂರ್ತಿ ಕೆರೆದು ಸುಣ್ಣ ಬಳಿಯಿರಿ. ಸುಣ್ಣದ ಕ್ಷಾರದಲ್ಲಿ ಬೂಷ್ಟು ಬೇಗ ಏಳುವುದಿಲ್ಲ, ಗೋಡೆಯೂ ಉಸಿರಾಡುತ್ತದೆ.

ಎಲ್ಲ ಪರೀಕ್ಷೆಯೂ ಸರಿ ಬಂದು, ಮನೆ ಒಣಗಿದರೂ ದಣಿವು ಹೋಗದವರಿದ್ದಾರೆ. ಆರು ತಿಂಗಳು ದಾಟಿದ, ನಿದ್ದೆಗೆ ಬಗ್ಗದ, ಸ್ವಲ್ಪ ಶ್ರಮಪಟ್ಟರೆ ಮರುದಿನ ಮೇಲೇಳಗೊಡದ ದಣಿವಿಗೆ ಎಂಇ/ಸಿಎಫ್‌ಎಸ್ (ದೀರ್ಘಕಾಲದ ದಣಿವಿನ ಕಾಯಿಲೆ) ಎಂಬ ಹೆಸರಿದೆ. ದಿನದಿನಕ್ಕೆ ವ್ಯಾಯಾಮ ಏರಿಸುವ ಹಳೆಯ ಸಲಹೆಯನ್ನು ಚಿಕಿತ್ಸೆಯ ಮಾರ್ಗಸೂಚಿ ಹೊರಡಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರಲ್ಲಿ ಕೈಬಿಟ್ಟಿದೆ. ಚೆನ್ನಾಗಿರುವ ದಿನವೂ ಶಕ್ತಿ ಪೂರ್ತಿ ಖರ್ಚು ಮಾಡದೆ, ಕೆಲಸ ತುಂಡು ಮಾಡಿ, ಕೂತು ಮಾಡಬಹುದಾದದ್ದನ್ನು ಕೂತು ಮಾಡುವುದು ಈಗಿನ ದಾರಿ. ಹಣ ಕಡಿಮೆ ಇದ್ದರೆ ಇಡೀ ಮನೆಗೆ ಹಂಚದೆ ರೋಗಿ ಮಲಗುವ ಒಂದು ಕೋಣೆಯನ್ನು ಮಾತ್ರ ಪೂರ್ತಿ ಒಣಗಿಸಿ; ದಿನದ ಮೂರನೇ ಒಂದು ಭಾಗ ಅಲ್ಲೇ ಕಳೆಯುತ್ತದೆ. 'ಸೋಮಾರಿತನ' ಎಂಬ ಮಾತು ಮನೆಯವರ ಬಾಯಿಂದ ಬಾರದಿರಲಿ.

ಮೇಲಿನದೆಲ್ಲ ಸ್ವಂತ ಮನೆ ಇದ್ದವರಿಗಾಯಿತು. ತೋಟಗಳ ಲೈನ್ ಮನೆಯಲ್ಲಿರುವ (ಕಾರ್ಮಿಕರಿಗೆ ಸಾಲಾಗಿ ಕಟ್ಟಿದ ಮನೆ) ಜನ ಗೋಡೆ ಕೆರೆಯುವುದೂ ಮಾಲೀಕರನ್ನು ಕೇಳಿಯೇ. ಕಾರ್ಮಿಕರಿಗೆ ವಸತಿ ಕೊಡುವ ಹೊಣೆ ತೋಟದವರದೆಂದು 1951ರ ತೋಟ ಕಾರ್ಮಿಕ ಕಾಯ್ದೆಯಿಂದಲೇ ಇದೆ. ಒಣ ವಸತಿ ಎಂದು ಓದಿಕೊಳ್ಳಬೇಕಷ್ಟೆ. ಏಪ್ರಿಲ್ ಒಳಗೆ ಲೈನ್ ಮನೆಗಳ ಮಾಡು, ಹಿಂಬದಿ ಚರಂಡಿ, ಅಡುಗೆ ಕೋಣೆಯ ಹೊಗೆಗೂಡು ನೋಡಿ ಸರಿಪಡಿಸಲು ಕಾರ್ಮಿಕ ಇಲಾಖೆ ಸೂಚಿಸಲಿ. ಗ್ರಾಮ ಪಂಚಾಯಿತಿಗಳು ಹೊಸ ಮನೆಗೆ ಪರವಾನಗಿ ಕೊಡುವಾಗ ಬರೆಯಿಂದ ಎಷ್ಟು ದೂರ, ನೀರು ಎಲ್ಲಿಗೆ ಹರಿಯುತ್ತದೆ ಎಂದು ನಕ್ಷೆಯಲ್ಲಿ ಬರೆಸಿಕೊಳ್ಳಲಿ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರ ಟಿಬಿ ಪ್ರಶ್ನೆಗಳ ಜೊತೆ 'ಮಲಗುವ ಕೋಣೆಯ ಗೋಡೆ ಒದ್ದೆ ಇದೆಯೇ' ಎಂಬ ಒಂದು ಪ್ರಶ್ನೆಯನ್ನು ಆರೋಗ್ಯ ಇಲಾಖೆ ಸೇರಿಸಲಿ.

– ಓದುಗರು, ಮಡಿಕೇರಿ