ಕಾಂಗರೂಗಳು ಸಣ್ಣ ಊರಿಗೂ ಬರಲಿ

ಮಾನ್ಯ ಸಂಪಾದಕರೇ,

ಪರ್ತ್‌ನಲ್ಲಿ ಶುರುವಾಗಲಿರುವ ಕ್ರಿಕೆಟ್ ಆ್ಯಷಸ್ ಬಗ್ಗೆ ನಿಮ್ಮ ಕ್ರೀಡಾ ಪುಟದಲ್ಲಿ ಬರುತ್ತಿರುವ ಬರಹಗಳನ್ನು ಇಲ್ಲಿ ಲೀಡ್ಸ್‌ನಲ್ಲಿ ಕೂತು ಆನ್‌ಲೈನ್‌ನಲ್ಲಿ ಓದುತ್ತಿದ್ದೇನೆ. ಚೆನ್ನಾಗಿವೆ. ಆದರೆ ಇದೇ ಎರಡು ದೇಶಗಳ ಇನ್ನೊಂದು ಆ್ಯಷಸ್ ಈಗಷ್ಟೇ ಮುಗಿದಿದೆ. ಅದು ರಗ್ಬಿ ಲೀಗ್‌ನದು. 2025ರ ನವೆಂಬರ್ 8ರಂದು ಇಲ್ಲಿನ ಹೆಡಿಂಗ್ಲಿಯಲ್ಲಿ, ಕಾಂಗರೂಗಳು ಅಂತ ಅಡ್ಡಹೆಸರಿರುವ ಆಸ್ಟ್ರೇಲಿಯಾ ತಂಡ ಮೂರನೇ ಟೆಸ್ಟನ್ನೂ 30–8ರಿಂದ ಗೆದ್ದು, ಸರಣಿಯನ್ನು 3–0 ಮಾಡಿಕೊಂಡು ವಿಮಾನ ಹತ್ತಿತು. ನಿಮ್ಮ ಪತ್ರಿಕೆಯಲ್ಲಿ ಅದು ಮೂಲೆಯಲ್ಲಿ ನಾಲ್ಕು ಸಾಲು. ಅದಕ್ಕೆ ನನ್ನದೇನೂ ಬೇಸರವಿಲ್ಲ, ಕರ್ನಾಟಕದಲ್ಲಿ ಈ ಆಟ ನೋಡುವವರು ಎಷ್ಟು ಜನ ಇದ್ದಾರು? ಆದರೆ ಪ್ರವಾಸ ಭರ್ಜರಿಯಾಗಿ ನಡೆಯಿತು ಅನ್ನುವ ಧಾಟಿಯಲ್ಲಿ ಆ ನಾಲ್ಕು ಸಾಲು ಇದ್ದವಲ್ಲ, ಅದನ್ನು ಒಪ್ಪಲು ನನಗೆ ಕಷ್ಟ.

ಹೆಡಿಂಗ್ಲಿ ನಿಮ್ಮ ಓದುಗರಿಗೆ ಹೊಸದಲ್ಲ. ಜೂನ್‌ನಲ್ಲಿ ನಮ್ಮ ಕೆ.ಎಲ್. ರಾಹುಲ್ ಎರಡನೇ ಇನಿಂಗ್ಸ್‌ನಲ್ಲಿ 137 ಹೊಡೆದರೂ ಭಾರತ ಸೋತದ್ದು ಇಲ್ಲೇ. ಟಿವಿಯಲ್ಲಿ ಕಾಣದ ಒಂದು ಸಂಗತಿ ಇದೆ. ಕ್ರಿಕೆಟ್ ಮೈದಾನದ ಬೆನ್ನಿಗೇ ರಗ್ಬಿ ಮೈದಾನ ಇದೆ, ಎರಡಕ್ಕೂ ನಡುವೆ ಒಂದೇ ಸ್ಟ್ಯಾಂಡ್. ಈ ಬದಿಯ ಸೀಟುಗಳು ಕ್ರಿಕೆಟ್ ಕಡೆ ಮುಖ ಮಾಡಿವೆ, ಆ ಬದಿಯವು ರಗ್ಬಿ ಕಡೆ. ಊರಿನವರಿಗೆ ಎರಡೂ ಅವರದೇ ಆಟ.

ಆಟದ ಬಗ್ಗೆ ಎರಡು ಮಾತು. ಒಂದು ತಂಡಕ್ಕೆ 13 ಜನ. ಚೆಂಡು ಕೈಯಲ್ಲಿ ಹಿಡಿದು ನುಗ್ಗುತ್ತಾರೆ, ಎದುರಿನವರು ಹಿಡಿದು ಬೀಳಿಸುತ್ತಾರೆ. ಬಿದ್ದವನು ಎದ್ದು ನಿಂತು ಚೆಂಡನ್ನು ನೆಲಕ್ಕಿಟ್ಟು ಕಾಲಿನಿಂದ ಹಿಂದಕ್ಕೆ ಉರುಳಿಸಬೇಕು. ಹಿಂದೆ ಬಗ್ಗಿ ಕಾಯುತ್ತಿರುವವನು ಅದನ್ನು ಎತ್ತಿಕೊಂಡು ಮತ್ತೆ ಆಟ ಶುರು ಮಾಡುತ್ತಾನೆ. ಹೀಗೆ ಆರು ಸಲ ಹಿಡಿಸಿಕೊಂಡರೆ ಚೆಂಡು ಎದುರಾಳಿಗೆ. ಕಬಡ್ಡಿ ನೋಡಿ ಬೆಳೆದವರಿಗೆ ಇದು ಬೇಗ ಒಗ್ಗುತ್ತದೆ. ಮುಂದಿನ ಸಾಲಿನಲ್ಲಿ ಕೂತರೆ ಭುಜಕ್ಕೆ ಭುಜ ಬಡಿಯುವ ಸದ್ದು ನೇರ ಕಿವಿಗೆ ಬೀಳುತ್ತದೆ. ಚಳಿಗೆ ಆಟಗಾರರ ಬೆನ್ನಿನಿಂದ ಹಬೆ ಏಳುವುದೂ ಕಾಣುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಆ್ಯಷಸ್‌ಗಾಗಿ ಆಸ್ಟ್ರೇಲಿಯಾ ಇಂಗ್ಲೆಂಡಿಗೆ ಬಂದದ್ದು 2003ರ ನಂತರ ಇದೇ ಮೊದಲು. 22 ವರ್ಷ! ಅಷ್ಟು ಕಾದಿದ್ದಕ್ಕೆ ಸಿಕ್ಕಿದ್ದು ಮೂರು ಪಂದ್ಯ. ವೆಂಬ್ಲಿಯಲ್ಲಿ 60 ಸಾವಿರ ಜನರ ಮುಂದೆ 26–6, ಲಿವರ್‌ಪೂಲ್‌ನಲ್ಲಿ ಎವರ್ಟನ್ ಫುಟ್‌ಬಾಲ್ ಕ್ಲಬ್‌ನ ಹೊಸ ಸ್ಟೇಡಿಯಂನಲ್ಲಿ 50 ಸಾವಿರ ದಾಟಿದ ಜನರ ಮುಂದೆ 14–4, ಕೊನೆಗೆ ಹೆಡಿಂಗ್ಲಿ. ಮೂರೂ ಸೇರಿಸಿದರೆ 70–18. ಗೇಟ್ ಹಣದ ದೃಷ್ಟಿಯಿಂದ ನೋಡಿದರೆ ಭರ್ಜರಿಯೇ, ಇಲ್ಲ ಅನ್ನುವುದಿಲ್ಲ. ಆದರೆ ಈ ಆಟವನ್ನು ನೂರು ವರ್ಷಕ್ಕೂ ಮೇಲೆ ಸಾಕಿದ ಊರುಗಳಲ್ಲಿ ಎಷ್ಟಕ್ಕೆ ಆಸ್ಟ್ರೇಲಿಯಾ ತಂಡದ ಮುಖ ಕಂಡಿತು? ಲೀಡ್ಸ್ ಒಂದಕ್ಕೆ. ಅದೂ ಇಂಗ್ಲೆಂಡ್ ಸರಣಿ ಸೋತಾದ ಮೇಲೆ.

ರಗ್ಬಿ ಲೀಗ್ ಹುಟ್ಟಿದ್ದೇ ಇಂಥ ಊರುಗಳ ಹೊಟ್ಟೆಪಾಡಿನಿಂದ. ಗಿರಣಿ, ಗಣಿ ಕೆಲಸಗಾರರು ಶನಿವಾರ ಆಡಲು ಹೋದರೆ ಕೂಲಿ ಖೋತಾ ಆಗುತ್ತಿತ್ತು. ಆ ನಷ್ಟ ತುಂಬಿಕೊಡಲು ಬಿಡಿ ಅಂದರೆ, ರಗ್ಬಿಯನ್ನು ನಡೆಸುತ್ತಿದ್ದ ದೊಡ್ಡವರು ಒಪ್ಪಲಿಲ್ಲ. 1895ರ ಆಗಸ್ಟ್‌ನಲ್ಲಿ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಉತ್ತರದ ಕ್ಲಬ್‌ಗಳು ಸಭೆ ಸೇರಿ ಬೇರೆಯಾದವು. ಅಂದಿನಿಂದ ವಿಗನ್, ಸೇಂಟ್ ಹೆಲೆನ್ಸ್, ವಿಡ್ನೆಸ್, ಹಲ್, ಬ್ಯಾರೋ ಕಡೆಯವರಿಗೆ ಇದು ಮನೆಯ ಆಟ. ಆಸ್ಟ್ರೇಲಿಯಾದಲ್ಲೂ 1908ರಲ್ಲಿ ಸಿಡ್ನಿಯ ದುಡಿಯುವ ಜನರ ಬಡಾವಣೆಗಳಲ್ಲೇ ಇದು ಬೇರು ಬಿಟ್ಟಿತು. ಅದೇ ವರ್ಷ ಮೊದಲ ಕಾಂಗರೂ ತಂಡ ಹಡಗು ಹತ್ತಿ ಇಲ್ಲಿಗೆ ಬಂತು.

ಕಾಂಗರೂಗಳ 1982ರ ಪ್ರವಾಸದ ಪಟ್ಟಿ ತೆಗೆದು ನೋಡಿ. ಮೊದಲ ಪಂದ್ಯ ಹಲ್ ಊರಿನ ಕ್ಲಬ್ ಹಲ್ ಕಿಂಗ್‌ಸ್ಟನ್ ರೋವರ್ಸ್ ಮೇಲೆ. ಆಮೇಲೆ ವಿಗನ್, ಬ್ಯಾರೋ, ಸೇಂಟ್ ಹೆಲೆನ್ಸ್, ಲೀಡ್ಸ್, ಲೀ, ಬ್ರಾಡ್‌ಫರ್ಡ್, ಕಂಬ್ರಿಯಾ ಕೌಂಟಿ ತಂಡ, ಫುಲ್‌ಹ್ಯಾಮ್, ಹಲ್, ವಿಡ್ನೆಸ್. ಜತೆಗೆ ವೇಲ್ಸ್ ಒಂದು, ಟೆಸ್ಟ್ ಮೂರು. ಒಟ್ಟು 15. ಒಂದನ್ನೂ ಸೋಲಲಿಲ್ಲ. ಅಲ್ಲಿಂದ ಫ್ರಾನ್ಸ್‌ಗೆ ಹೋಗಿ ಅಲ್ಲೂ ಸೋಲಲಿಲ್ಲ. ಅಜೇಯರು ಅಂತ ಹೆಸರೇ ಬಿತ್ತು. ಅದಕ್ಕೆ ಹಿಂದಿನ ಪ್ರವಾಸದಲ್ಲಿ, 1978ರಲ್ಲಿ, ರಾಸಾಯನಿಕ ಕಾರ್ಖಾನೆಗಳ ಊರಾದ ವಿಡ್ನೆಸ್ ಆಸ್ಟ್ರೇಲಿಯಾವನ್ನು 11–10ರಿಂದ ಬಗ್ಗುಬಡಿದಿತ್ತು. ಆ ಊರಿನ ಹಿರಿಯರ ಮುಂದೆ ಈ ಅಂಕಗಳನ್ನು ಸುಮ್ನೆ ಹೇಳಿ ನೋಡಿ, ಅರ್ಧ ಗಂಟೆ ನೀವು ಬಾಯಿ ಬಿಡಬೇಕಾಗಿಲ್ಲ.

ಕ್ಲಬ್ ಪಂದ್ಯ ಅಂದರೆ ಬರೀ ಮನರಂಜನೆ ಅಲ್ಲ. 1982ರಲ್ಲಿ ಆಸ್ಟ್ರೇಲಿಯಾದ ಉಪನಾಯಕ ವಾಲಿ ಲೂಯಿಸ್. ತಂಡದ ದಾಳಿಯನ್ನು ನಡೆಸುವ ಇಬ್ಬರ ಜಾಗದಲ್ಲಿ ಸ್ಟೀವ್ ಮಾರ್ಟಿಮರ್ ಜತೆ ಅವನೇ ಟೆಸ್ಟ್ ಆಡುತ್ತಾನೆ ಅಂದುಕೊಂಡಿದ್ದರು. ಪ್ರವಾಸದ ಪಂದ್ಯಗಳಲ್ಲಿ ಮಿಂಚಿದ ಬ್ರೆಟ್ ಕೆನಿ, ಪೀಟರ್ ಸ್ಟರ್ಲಿಂಗ್ ಆ ಜಾಗ ಕಿತ್ತುಕೊಂಡರು. ಹಲ್‌ನಲ್ಲಿ ನಡೆದ ಮೊದಲ ಟೆಸ್ಟ್ 40–4. ಇಂಗ್ಲೆಂಡಿನ ಕ್ಲಬ್‌ಗಳು ಕಣ್ಣಾರೆ ಕಂಡದ್ದನ್ನು ಮರೆಯಲಿಲ್ಲ, ಮುಂದಿನ ವರ್ಷಗಳಲ್ಲಿ ಅವರನ್ನೇ ಕರೆಸಿಕೊಂಡವು. ಇಲ್ಲಿನ ಕ್ಲಬ್‌ಗಳ ನಾಕೌಟ್ ಟೂರ್ನಿಯಾದ ಚಾಲೆಂಜ್ ಕಪ್‌ನ 1985ರ ಫೈನಲ್‌ನಲ್ಲಿ ವಿಗನ್ ಪರ ಕೆನಿ, ಹಲ್ ಪರ ಸ್ಟರ್ಲಿಂಗ್! ವಿಗನ್ 28–24ರಿಂದ ಗೆದ್ದಿತು. ಇಂಥ ಫೈನಲ್ ಮತ್ತೆ ಬಂದಿಲ್ಲ ಅಂತ ಈಗಲೂ ಹೇಳುವವರಿದ್ದಾರೆ. ಆಗ ಸೋತು ಕಲಿತದ್ದೇ ಇಲ್ಲಿನ ಆಟವನ್ನು ಮೇಲೆತ್ತಿತು ಅನ್ನುವುದು ನನ್ನ ಲೆಕ್ಕ. ಮೂರು ಟೆಸ್ಟ್‌ನಲ್ಲಿ ಹೊಡೆತ ತಿನ್ನಬಹುದು, ಕಲಿಯಲು ಪುರುಸೊತ್ತು ಎಲ್ಲಿ?

ಇದಕ್ಕೆ ಬರುವ ಉತ್ತರ ನನಗೂ ಗೊತ್ತು. ಈಗಿನವರು ಪೂರ್ತಿ ವೃತ್ತಿಪರರು. 1982ರಲ್ಲಿ ಮಾಲ್ ಮೆನಿಂಗಾ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಪೊಲೀಸ್ ಕೆಲಸ ಮಾಡುತ್ತಾ ಆಡುತ್ತಿದ್ದರು. ಇಂದಿನವರು ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ತಮ್ಮ ಲೀಗ್‌ನಲ್ಲೇ ಜಜ್ಜಿಹೋಗಿರುತ್ತಾರೆ. ಈ ಸಲ ಲೀಗ್ ಫೈನಲ್ ಗೆದ್ದ ಬ್ರಿಸ್ಬೇನ್‌ನ ರೀಸ್ ವಾಲ್ಶ್, ಮೂರು ವಾರದೊಳಗೆ ವೆಂಬ್ಲಿಯಲ್ಲಿ ಎರಡು ಟ್ರೈ (ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೊತ್ತಿ ಅಂಕ ಪಡೆಯುವುದು) ಹೊಡೆದ. ಇವರನ್ನೇ ಹದಿನೈದು ಪಂದ್ಯ ಆಡಿಸಿ ಅಂತ ಯಾರೂ ಕೇಳುತ್ತಿಲ್ಲ. ಆದರೆ ತಂಡದ ಜತೆ ಬಂದು ಟೆಸ್ಟ್ ಆಡದೆ ಟ್ರ್ಯಾಕ್‌ಸೂಟ್‌ನಲ್ಲೇ ಪ್ರವಾಸ ಮುಗಿಸಿದವರು ಇದ್ದರಲ್ಲ? ಅವರಿಗೆ ವಾರದ ಮಧ್ಯೆ ಒಂದು ಪಂದ್ಯ ಆಡಿಸಿದ್ದರೆ ಯಾರ ಗಂಟು ಹೋಗುತ್ತಿತ್ತು?

ಅದೂ ಈ ವರ್ಷ. ಅದೇ ಹಲ್ ಕಿಂಗ್‌ಸ್ಟನ್ ರೋವರ್ಸ್ 2025ರಲ್ಲಿ ಚಾಲೆಂಜ್ ಕಪ್, ಲೀಗ್ ಅಗ್ರಸ್ಥಾನ, ಲೀಗ್ ಚಾಂಪಿಯನ್ನರನ್ನು ತೀರ್ಮಾನಿಸುವ ಗ್ರ್ಯಾಂಡ್ ಫೈನಲ್ ಮೂರನ್ನೂ ಗೆದ್ದಿದೆ. ಅದಕ್ಕೂ ಹಿಂದೆ 40 ವರ್ಷ ಒಂದು ದೊಡ್ಡ ಕಪ್ ಕೂಡ ಸಿಕ್ಕಿರಲಿಲ್ಲ. ಊರು ಇನ್ನೂ ಆ ಗುಂಗಿನಲ್ಲಿರುವಾಗಲೇ ಕಾಂಗರೂಗಳು ಎರಡು ವಾರ ಇಂಗ್ಲೆಂಡಿನಲ್ಲೇ ಇದ್ದರು. ಲೀಡ್ಸ್‌ನಿಂದ ಹಲ್‌ಗೆ ರೈಲಿನಲ್ಲಿ ಒಂದು ಗಂಟೆ ದಾರಿ. ಒಂದು ಬುಧವಾರ ರಾತ್ರಿ ರೋವರ್ಸ್‌ನ ಮೈದಾನವಾದ ಕ್ರೇವನ್ ಪಾರ್ಕ್‌ನಲ್ಲಿ ಆಟ ಇಟ್ಟಿದ್ದರೆ ಟಿಕೆಟ್‌ಗೆ ಜಗಳವೇ ಆಗುತ್ತಿತ್ತು. ಇದು ಯಾರ ತಲೆಗೂ ಹೊಳೆಯಲಿಲ್ವಾ ಅನ್ನುವುದೇ ನನಗೆ ಬಿಡಿಸಲಾಗದ ಒಗಟು.

ಕ್ರಿಕೆಟ್‌ನಲ್ಲೂ ಇದೇ ರೋಗ ಅನ್ನುವುದನ್ನು ನಿಮಗೆ ಹೇಳಬೇಕಾಗಿಲ್ಲ. 1971ರಲ್ಲಿ ವಾಡೇಕರ್ ತಂಡ ಇಂಗ್ಲೆಂಡಿಗೆ ಬಂದಾಗ ಓವಲ್‌ನಲ್ಲಿ ಚಂದ್ರಶೇಖರ್ 38 ರನ್‌ಗೆ 6 ವಿಕೆಟ್ ಕಿತ್ತದ್ದು ನಮಗೆಲ್ಲ ಬಾಯಿಪಾಠ. ಅದೇ ಪ್ರವಾಸದಲ್ಲಿ ನಮ್ಮ ಪ್ರಸನ್ನ ಒಂದು ಟೆಸ್ಟ್ ಕೂಡ ಆಡಲಿಲ್ಲ. ಆದರೂ ಅವರ ಬೌಲಿಂಗ್ ನೋಡುವ ಭಾಗ್ಯ ಇಲ್ಲಿನ ಕೌಂಟಿ ಊರುಗಳಿಗೆ ಸಿಕ್ಕಿತ್ತು. ಈ ಬೇಸಿಗೆಯಲ್ಲಿ ಗಿಲ್ ತಂಡ ಐದು ಟೆಸ್ಟ್ ಆಡಿತು, ಕೌಂಟಿ ಪಂದ್ಯ ಒಂದೂ ಇಲ್ಲ. ಐದು ಟೆಸ್ಟ್ ಇದ್ದವು ಅನ್ನುವುದಷ್ಟೇ ಸಮಾಧಾನ.

ವೆಂಬ್ಲಿ ಬೇಡ ಅನ್ನುತ್ತಿಲ್ಲ. ಚಾಲೆಂಜ್ ಕಪ್ ಫೈನಲ್‌ಗೆ 1929ರಿಂದ ಉತ್ತರದ ಜನ ಅಲ್ಲಿಗೆ ಹೋಗುವುದು ಒಂದು ಜಾತ್ರೆಯೇ. ಆದರೆ ಸದಾ ಜನರೇ ದೊಡ್ಡ ಊರಿಗೆ ಹೋಗಬೇಕು, ತಂಡ ಅವರ ಊರಿಗೆ ಬರುವುದಿಲ್ಲ ಅಂದರೆ ಹೇಗೆ? ಬ್ರಿಟನ್ (ಆಗ ಇಂಗ್ಲೆಂಡ್ ಬದಲು ಬ್ರಿಟನ್ ತಂಡ ಆಡುತ್ತಿತ್ತು) ಕೊನೆಯ ಸಲ ಈ ಆ್ಯಷಸ್ ಗೆದ್ದದ್ದು 1970ರಲ್ಲಿ, ಆಸ್ಟ್ರೇಲಿಯಾಕ್ಕೇ ಹೋಗಿ. ಮೊದಲ ಟೆಸ್ಟ್ ಹೀನಾಯವಾಗಿ ಸೋತಿದ್ದ ಫ್ರಾಂಕ್ ಮೈಲರ್ ತಂಡ ಉಳಿದೆರಡನ್ನೂ ಗೆದ್ದಿತು. ಆ ಇಡೀ ಪ್ರವಾಸದ 24 ಪಂದ್ಯಗಳಲ್ಲಿ ಸೋತದ್ದು ಅದೊಂದೇ. ನಡುವೆ ಊರೂರು ಸುತ್ತಿ ಆಡಿದ್ದಕ್ಕೇ ತಂಡ ಕುದುರಿಕೊಂಡಿತು.

2026ರಲ್ಲಿ ರಗ್ಬಿ ಲೀಗ್ ವಿಶ್ವಕಪ್ ಆಸ್ಟ್ರೇಲಿಯಾದಲ್ಲಿ ಇದೆ. ಆಗ ನಾಲ್ಕು ಸಾಲಿನ ಬದಲು ಒಂದು ಕಾಲಂ ಕೊಟ್ಟರೆ ನನ್ನಂಥವರಿಗೆ ಖುಷಿ. ಪ್ರವಾಸದ ವಿಷಯಕ್ಕೆ ನನ್ನ ಬೇಡಿಕೆ ಜಾಸ್ತಿ ಏನಿಲ್ಲ. ಕಾಂಗರೂಗಳು ಮತ್ತೆ ಬಂದಾಗ ಟೆಸ್ಟ್‌ಗಳ ನಡುವೆ ಎರಡು ಬುಧವಾರ ಬಿಟ್ಟುಕೊಡಲಿ. ಒಂದು ಹಲ್‌ಗೆ, ಇನ್ನೊಂದು ಕಂಬ್ರಿಯಾಕ್ಕೆ.

— ನಿಮ್ಮ ಓದುಗ, ಲೀಡ್ಸ್ (ಮೂಲ ಊರು ದಾವಣಗೆರೆ)