ಅಂಗಳದ ನೀರಿಗೆ ಬರೆ ಕಡಿಯಬೇಡಿ

ಮಾನ್ಯರೇ,

ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಮುಗಿದು ಮಳೆ ಸ್ವಲ್ಪ ಹಿಂದೆ ಸರಿದರೆ ಸಾಕು, ನಮ್ಮ ಸುಂಟಿಕೊಪ್ಪ ಕಡೆಯ ರಸ್ತೆಗಳಲ್ಲಿ ಜೆಸಿಬಿ ಓಡಾಟ ಶುರುವಾಗುತ್ತದೆ. ಒಬ್ಬರಿಗೆ ಮನೆ ಹಿಂದಿನ ಬರೆ, ಅಂದರೆ ಗುಡ್ಡ ಕಡಿದಲ್ಲಿ ನಿಂತ ಮಣ್ಣಿನ ಗೋಡೆ, ಇನ್ನೂ ನಾಲ್ಕು ಅಡಿ ಹಿಂದಕ್ಕೆ ಹೋಗಬೇಕು. ಇನ್ನೊಬ್ಬರಿಗೆ ಕಾರು ತಿರುಗಿಸಲು ಜಾಗ ಬೇಕು. ಮತ್ತೊಬ್ಬರ ಅಂಗಳದಲ್ಲಿ ನೀರು ನಿಲ್ಲುತ್ತದೆ, ಅದಕ್ಕೆ ಎಲ್ಲವನ್ನೂ ಕೆರೆದು ಮಟ್ಟ ಮಾಡಿಸಬೇಕು. ನೀರು ನಿಲ್ಲುವ ಅಂಗಳದವರಿಗಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

11 ವರ್ಷದ ಹಿಂದೆ ನಾವು ಮನೆ ಕಟ್ಟುವಾಗ ಜಾಗವನ್ನು ಯಂತ್ರದಲ್ಲಿ ಮಟ್ಟ ಮಾಡಿಸಿದೆವು. ಮೇಲಿನ ಒಳ್ಳೆಯ ಕಪ್ಪು ಮಣ್ಣೆಲ್ಲ ಕೆಳಗಿನ ಇಳಿಜಾರಿಗೆ ಹೋಯಿತು. ಉಳಿದದ್ದು ಕೆಂಪು ಮಣ್ಣು. ಅದರ ಮೇಲೆ ಮರಳಿನ ಟಿಪ್ಪರ್, ಇಟ್ಟಿಗೆ ಲಾರಿ ಓಡಾಡಿ ನೆಲ ಕಲ್ಲಾಯಿತು. ಹಾರೆ ಹಾಕಿದರೆ ಠಣ್ ಅನ್ನುತ್ತಿತ್ತು. ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆ ಅದರೊಳಗೆ ಇಳಿಯುತ್ತಲೇ ಇರಲಿಲ್ಲ. ಅಂಗಳವೆಲ್ಲ ಕೆರೆಯಾಗಿ ನೀರು ಪಾಯದ ಕಡೆಗೇ ಬರುತ್ತಿತ್ತು. ಗೋಡೆ ಮೂರು ಅಡಿ ಎತ್ತರದವರೆಗೆ ತೇವ ಹೀರಿತು. ಪಾಚಿಯ ಮೇಲೆ ಜಾರಿ ಬಿದ್ದ ನಮ್ಮ ಅತ್ತೆಯವರ ಕೈ ಮುರಿಯಿತು. ನೆಟ್ಟ ಎರಡು ಬೆಣ್ಣೆಹಣ್ಣಿನ ಗಿಡಗಳ ಬೇರು ಕೊಳೆತು ಹೋದವು.

ಹಿಂದಿನ ಬರೆಯನ್ನು ಇನ್ನಷ್ಟು ಕಡಿದು ಹೊಸದಾಗಿ ಮಟ್ಟ ಮಾಡಿಸಿ ಅಂತ ಎಲ್ಲರೂ ಹೇಳಿದರು. ನನಗೆ ಧೈರ್ಯ ಬರಲಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದಲ್ಲಿ ಆದ ಭೂಕುಸಿತವನ್ನು ನಾವು ದೂರದಿಂದ ನೋಡಿದವರಲ್ಲ. ಮನೆ ಕಳೆದುಕೊಂಡ ನೆಂಟರು ಎರಡು ತಿಂಗಳು ನಮ್ಮಲ್ಲೇ ಇದ್ದರು. ಮಳೆಯ ಜೊತೆಗೆ ಇಳಿಜಾರನ್ನು ಕಡಿದದ್ದೂ ಕಾರಣ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಆಗಲೇ ಹೇಳಿತ್ತು. ಮರುವರ್ಷ ತೋರ ಊರಲ್ಲಿ, ಅದರ ಮರುವರ್ಷ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಗುಡ್ಡ ಕುಸಿಯಿತು. ಇಷ್ಟಾದ ಮೇಲೂ ಅಂಗಳದ ನೀರಿಗೋಸ್ಕರ ಬರೆಗೆ ಕೈ ಹಾಕುವುದೇ?

ಯೋಚಿಸಿ ನೋಡಿದರೆ ನನ್ನ ಅಂಗಳಕ್ಕೆ ಬೇಕಾಗಿದ್ದದ್ದು ಎರಡೇ. ಗಟ್ಟಿಯಾದ ನೆಲ ಸಡಿಲ ಆಗಬೇಕು. ನೀರು ಮನೆಯಿಂದ ಆಚೆ ಹೋಗುವ ಹಾಗೆ ವಾಟ ಬರಬೇಕು. ಇದಕ್ಕೆ ಗದ್ದೆ ಉಳುವ ಟ್ರ್ಯಾಕ್ಟರ್ ಸಾಕು.

ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದು ನಾಲ್ಕನೇ ದಿನ ಕೆಲಸಕ್ಕೆ ಇಳಿದೆವು. ಆ ದಿನವನ್ನು ಬೇಕೆಂದೇ ಆರಿಸಿದ್ದು. ಅದಕ್ಕೂ ಮುಂಚೆ ನೆಲ ಒಣಗಿ ಕಲ್ಲಾಗಿರುತ್ತದೆ, ಉಳುವ ಹಲ್ಲು ಹತ್ತುವುದಿಲ್ಲ. ಒದ್ದೆ ಇರುವಾಗ ಟ್ರ್ಯಾಕ್ಟರ್ ಹತ್ತಿಸಿದರೆ ಚಕ್ರದ ಭಾರಕ್ಕೆ ಮಣ್ಣು ಇನ್ನೂ ಗಟ್ಟಿಯಾಗುತ್ತದೆ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಬೇಕು. ಉಂಡೆ ಆಗಬೇಕು, ಬೆರಳಲ್ಲಿ ತಟ್ಟಿದರೆ ಒಡೆಯಬೇಕು. ಅದೇ ಹದ.

ನೀರಿನ ಪೈಪು, ಕರೆಂಟಿನ ಕೇಬಲ್, ಶೌಚದ ಗುಂಡಿ ಎಲ್ಲಿವೆ ಎಂದು ಮೊದಲೇ ಸುಣ್ಣದಲ್ಲಿ ಗೆರೆ ಎಳೆದಿದ್ದೆವು. ಟ್ರ್ಯಾಕ್ಟರ್ ಹಿಂದೆ ಕಟ್ಟಿ ನೆಲ ಸಡಿಲಿಸುವ ಒಂಬತ್ತು ಹಲ್ಲಿನ ಕಲ್ಟಿವೇಟರ್ ಹಾಕಿದಾಗ ಅದು ನೆಲದ ಮೇಲೆ ಕುಣಿಯಿತೇ ಹೊರತು ಒಳಗೆ ಇಳಿಯಲಿಲ್ಲ. ಚಾಲಕ ತಮ್ಮ "ಅಕ್ಕಾ, ಇದು ಆಗೋ ಕೆಲಸ ಅಲ್ಲ, ಜೆಸಿಬಿನೇ ಕರೀರಿ" ಎಂದ. ನಾಲ್ಕು ಹಲ್ಲು ಬಿಚ್ಚಿಸಿದೆ. ಭಾರವೆಲ್ಲ ಐದೇ ಹಲ್ಲಿನ ಮೇಲೆ ಬಿತ್ತು, ನೆಲ ಹಿಡಿಯಿತು. ಮೊದಲ ಸುತ್ತಿಗೆ ಎರಡು ಇಂಚು, ಆಮೇಲೆ ಅಡ್ಡಡ್ಡ ಹೊಡೆದು ನಾಲ್ಕು, ಕೊನೆಗೆ ಏಳು ಇಂಚಿನವರೆಗೆ ಹೋದೆವು. ಒಂದೇ ಸಲಕ್ಕೆ ಆಳಕ್ಕೆ ಇಳಿಸಲು ಹೋದರೆ ಹಲ್ಲು ಬಾಗುತ್ತದೆ, ಇಲ್ಲವೇ ಟ್ರ್ಯಾಕ್ಟರಿನ ಮುಂದಿನ ಚಕ್ರ ಏಳುತ್ತದೆ.

ಭಾರ ಸಾಲದು ಅಂತ ಕೆಲಸಕ್ಕೆ ಬಂದ ಹುಡುಗ ಕಲ್ಟಿವೇಟರ್ ಮೇಲೆ ಹತ್ತಲು ಹೋದ. ಗದ್ದೆಯಲ್ಲಿ ಹಲಗೆಯ ಮೇಲೆ ನಿಲ್ಲುವ ರೂಢಿ ನಮ್ಮಲ್ಲಿ ಇದೆ ನಿಜ. ಅದು ಕೆಸರು, ಎತ್ತಿನ ನಡಿಗೆ. ಇದು ಗಟ್ಟಿ ನೆಲ, ಕೆಳಗೆ ಕಬ್ಬಿಣದ ಹಲ್ಲು. ಅವನನ್ನು ಇಳಿಸಿ ಎರಡು ಸೈಜುಕಲ್ಲು ಕಟ್ಟಿಸಿದೆ. ದಯವಿಟ್ಟು ಯಾರೂ ಮನುಷ್ಯರನ್ನು ನಿಲ್ಲಿಸಬೇಡಿ.

ತಿರುಗುವ ಅಲಗುಗಳ ರೋಟವೇಟರ್ ಬೇಡ ಎಂದೆ. ಅದು ನೋಡಲು ಚೆಂದ ಮಾಡುತ್ತದೆ, ಆದರೆ ಮಣ್ಣನ್ನು ಪುಡಿ ಮಾಡುತ್ತದೆ. ಮಳೆಯನ್ನು ಇಂಚಿನಲ್ಲಿ ಅಳೆಯುವ ನಮ್ಮ ಊರಲ್ಲಿ ಆ ಪುಡಿ ಜೂನ್ ಕಳೆಯುವುದರೊಳಗೆ ಹಳ್ಳ-ತೋಡು ಸೇರುತ್ತದೆ. ಹೆಂಟೆ ಹೆಂಟೆಯಾಗಿ ಬಿದ್ದ ಮಣ್ಣೇ ನೀರು ಕುಡಿಯುವುದು.

ಆಮೇಲೆ ಟ್ರ್ಯಾಕ್ಟರ್ ಹಿಂದೆ ಕಟ್ಟಿ ಮಣ್ಣು ಎಳೆಯುವ ಬ್ಲೇಡು. ಇದನ್ನು ಹುಡುಕಲು ಮೂರು ವಾರ ಬೇಕಾಯಿತು, ಅದರ ಮಾತು ಕೊನೆಗೆ ಹೇಳುತ್ತೇನೆ. ಬ್ಲೇಡನ್ನು ಸ್ವಲ್ಪ ಓರೆ ಮಾಡಿ ದೂರದ ಅಂಚಿನಿಂದ ಮನೆ ಕಡೆಗೆ ತೆಳುವಾಗಿ ಮಣ್ಣು ಎಳೆದೆವು. ಗಾರೆಯವರು ಬಳಸುವ ನೀರಿನ ಟ್ಯೂಬಿನಲ್ಲಿ ಮಟ್ಟ ನೋಡುತ್ತಾ ಗೂಟ ಹೊಡೆದೆ. ಮನೆಯಿಂದ ಮೊದಲ ಹತ್ತು ಅಡಿಗೆ ಆರು ಇಂಚು ಇಳಿತ, ಮುಂದಿನ ಮೂವತ್ತು ಅಡಿಗೆ ಇನ್ನೊಂದು ಏಳು ಇಂಚು. ಕಣ್ಣಿಗೆ ಇದು ಇಳಿಜಾರು ಅಂತ ಕಾಣುವುದೇ ಇಲ್ಲ, ನೀರಿಗೆ ಮಾತ್ರ ಗೊತ್ತಾಗುತ್ತದೆ. ಗೋಡೆಯ ಪಕ್ಕದ ಮೂರು ಅಡಿಯನ್ನು ಸಡಿಲಿಸಲೇ ಇಲ್ಲ. ಅಲ್ಲಿ ಹಾಕಿದ ಮಣ್ಣನ್ನು ಪದರ ಪದರವಾಗಿ ದಿಮ್ಮಸು ಹಾಕಿ ಬಡಿದೆವು, ಸಡಿಲ ಬಿಟ್ಟರೆ ನೀರು ನೇರ ಪಾಯಕ್ಕೇ ಇಳಿಯುತ್ತದಲ್ವಾ. ಗೆದ್ದಲು ಹತ್ತಬಾರದೆಂದು ಮನೆಯ ನೆಲಮಟ್ಟಕ್ಕಿಂತ ಒಂದು ಅಡಿ ಕೆಳಗೇ ಮಣ್ಣು ನಿಲ್ಲಿಸಿದೆವು. ನೀರು ಕೊನೆಗೆ ಸೇರುವ ಅಗಲ ಕಾಲುವೆಯನ್ನು ಪಕ್ಕಕ್ಕೆ ತಿರುಗಿಸಿ ಹಳೆಯ ಕಲ್ಲಿನ ತೋಡಿಗೆ ಬಿಟ್ಟೆವು. ಇಳಿಜಾರಿನ ಅಂಚಿನಿಂದ ಕೆಳಗೆ ಸುಮ್ನೆ ಬಿಡಬಾರದು. ತಳ್ಳಿ ಹಾಕಿದ ಸಡಿಲ ಮಣ್ಣು ಇರುವುದೇ ಅಲ್ಲಿ, ಮೊದಲು ಜಾರುವುದೂ ಅದೇ.

ಎರಡು ದಿನ, ಒಟ್ಟು ಏಳು ಗಂಟೆ ಟ್ರ್ಯಾಕ್ಟರ್ ಕೆಲಸ. ಮಳೆ ನೀರು ಇಂಗಲು ತೋಟದಲ್ಲಿ ತೆಗೆದ ತೊಟ್ಟಿಲು ಗುಂಡಿಗಳಲ್ಲಿ ಕೂತಿದ್ದ ಕಪ್ಪು ಮಣ್ಣನ್ನು ತಂದು ಮೇಲೆ ಹರಡಿ ಹುಲ್ಲು ನೆಟ್ಟೆವು, ಅಂಚಿಗೆ ಲಾವಂಚ. ಜೂನ್‌ಗೆ ಮುಂಚೆ ಹಸಿರು ಹಿಡಿಯಿತು.

ಈ ಜುಲೈನಲ್ಲಿ ನಮ್ಮ ತೋಟದ ಮಾಪಕದಲ್ಲಿ ಒಂದೇ ದಿನ ಐದು ಇಂಚು ಬಿತ್ತು. ಕೊಡೆ ಹಿಡಿದು ಅಂಗಳದಲ್ಲಿ ನಿಂತು ನೋಡಿದೆ. ನೀರು ಕಾಲುವೆಗೆ ಹೋಗುತ್ತಿತ್ತು, ಹೆಚ್ಚು ಕೆಂಪಾಗಿಯೂ ಇರಲಿಲ್ಲ. ಅತ್ತೆಯವರು ಎರಡು ವರ್ಷದ ಮೇಲೆ ಮಳೆಗಾಲದಲ್ಲಿ ಒಬ್ಬರೇ ಕೋಳಿಗೂಡಿನವರೆಗೆ ನಡೆದು ಹೋದರು.

ಒಂದು ಎಚ್ಚರಿಕೆ. ಇದು ಸಮ ಜಾಗದ, ಇಲ್ಲವೇ ಅಲ್ಪಸ್ವಲ್ಪ ಇಳಿತದ ಜಾಗದ ಕೆಲಸ. ಬರೆಯ ತಲೆಯ ಮೇಲೆ, ಬರೆಯ ಬುಡದಲ್ಲಿ ನೆಲ ಸಡಿಲಿಸಬೇಡಿ. ಸಡಿಲ ಮಣ್ಣು ನೀರು ಹೆಚ್ಚು ಕುಡಿಯುತ್ತದೆ, ಕಡಿದಾದ ಕಡೆ ಆ ಭಾರವೇ ಕುಸಿತಕ್ಕೆ ಕಾರಣವಾಗಬಹುದು. ಓರೆ ನೆಲದಲ್ಲಿ ಅಡ್ಡ ಓಡಿಸಿದರೆ ಟ್ರ್ಯಾಕ್ಟರ್ ಮಗುಚುತ್ತದೆ, ಅಂಥ ಜಾಗಕ್ಕೆ ಹತ್ತಿಸಲೇಬೇಡಿ.

ಇನ್ನು ಬ್ಲೇಡಿನ ಮಾತು. ಬಾಡಿಗೆಗೆ ಯಂತ್ರ ಕೊಡುವ ನಾಲ್ಕು ಕಡೆ ಕೇಳಿದೆ. ಕಲ್ಟಿವೇಟರ್, ರೋಟವೇಟರ್, ನಾಟಿ ಯಂತ್ರ ಎಲ್ಲ ಇವೆ. ಬ್ಲೇಡು ಇಲ್ಲ, ಆಳಕ್ಕೆ ಇಳಿಯುವ ಒಂಟಿ ಹಲ್ಲಿನ ಸಬ್‌ಸಾಯ್ಲರ್ ಇಲ್ಲ. ಕೊನೆಗೆ ಹುಣಸೂರಿನ ನೆಂಟರೊಬ್ಬರಿಂದ ತಂದದ್ದು. ಜೆಸಿಬಿ ಒಂದು ಫೋನಿಗೆ ಸಿಗುತ್ತದೆ, ಇದು ಮೂರು ವಾರಕ್ಕೂ ಸಿಗುವುದಿಲ್ಲ ಎಂದರೆ ಜನ ಯಾವುದನ್ನು ಕರೆಯುತ್ತಾರೆ? ಜಿಲ್ಲೆಯ ಪ್ರತಿ ಹೋಬಳಿಯಲ್ಲಿ ಒಂದು ಬ್ಲೇಡು, ಒಂದು ಸಬ್‌ಸಾಯ್ಲರ್ ಬಾಡಿಗೆಗೆ ಸಿಗುವಂತೆ ಆಗಲಿ. ಅದನ್ನು ಓಡಿಸಲು ಚಾಲಕರಿಗೆ ಎರಡು ದಿನ ಕಲಿಸುವವರು ಬರಲಿ. ಮುಂದಿನ ಹೂಮಳೆಗೆ ಇನ್ನೂ ಐದಾರು ತಿಂಗಳಿದೆ. ಅಷ್ಟರೊಳಗೆ ಸಂಬಂಧಪಟ್ಟವರು ಇದನ್ನು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

— ಒಬ್ಬ ಸಣ್ಣ ಕಾಫಿ ಬೆಳೆಗಾರ್ತಿ, ಸುಂಟಿಕೊಪ್ಪ, ಕೊಡಗು